ನಿಧಿಯನ್ನರಸಿ ಬೆಟ್ಟವೇರೋಣ

ದಿನಕ್ಕೆ ಅರ್ಧ ತಾಸು ನಡೆಯಿರೆಂದು ವೈದ್ಯರು ಹೇಳುತ್ತಾರೆ. ಒಂದು ವಾರ ಶ್ರದ್ಧೆಯಿಂದ ನಡೆಯುತ್ತೇವೆ; ಎರಡನೆಯ ವಾರ ನೆಪಗಳು ಹುಟ್ಟಿಕೊಳ್ಳುತ್ತವೆ. ಕಾಲಿಗೆ ಕೆಲಸವಿದ್ದು ಮನಸ್ಸಿಗೆ ಕೆಲಸವಿಲ್ಲದಿರುವುದೇ ಈ ಬೇಸರದ ಮೂಲ. ಜಾತ್ರೆಗೆ, ಪಾದಯಾತ್ರೆಗೆ ಹೊರಟವರು ಹರದಾರಿಗಟ್ಟಲೆ ನಡೆದರೂ ದೂರವನ್ನು ಲೆಕ್ಕಿಸುವುದಿಲ್ಲ. ಅವರ ಮುಂದೆ ತಲುಪಬೇಕಾದುದೊಂದು ಇರುತ್ತದೆ.

ಈ ಗುಟ್ಟನ್ನೇ ಬಳಸಿಕೊಂಡ ಆಟವೊಂದು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಉಪಗ್ರಹಗಳಿಂದ ಸ್ಥಳ ಗುರುತಿಸುವ ಜಿಪಿಎಸ್ ಸಂಕೇತದ ನಿಖರತೆಯ ಮೇಲಿದ್ದ ನಿರ್ಬಂಧವನ್ನು ಅಮೆರಿಕ ಸರಕಾರ 2000ದ ಮೇ 2ರಂದು ತೆಗೆದುಹಾಕಿತು. ಮರುದಿನವೇ ಡೇವ್ ಅಲ್ಮರ್ ಎಂಬವರು ಓರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ಟಿನೊಳಗೆ ಕೆಲವು ವಸ್ತುಗಳನ್ನೂ ಹೆಸರು ಬರೆಯಲು ಪುಸ್ತಕವನ್ನೂ ಇರಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಹುಡುಕಿದವರು ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಬಿಟ್ಟು ಬರಬೇಕು. ಇದೇ ಜಿಯೋಕ್ಯಾಶಿಂಗ್.

ನಮ್ಮ ಕೊಪ್ಪಳದ ಬೆಟ್ಟಗಳಲ್ಲಿ ಇದಕ್ಕಿಂತ ಬಹು ಹಳೆಯ ನಿಧಿಯಿದೆ. ತಳಕಲ್ಲಿನಲ್ಲಿ ರೈಲು ಹತ್ತಿ ಪೂರ್ವಕ್ಕೆ ಸಾಗಿದರೆ ಕೊಪ್ಪಳದ ಕಲ್ಲುಬೆಟ್ಟಗಳು ಎದುರಾಗುತ್ತವೆ. ಅವುಗಳಲ್ಲೊಂದರ ನೆತ್ತಿಯಲ್ಲಿ ಎರಡು ಗುಂಡುಗಳ ಮೇಲೆ ಹಾಸುಬಂಡೆಯೊಂದು ಪಲ್ಲಕ್ಕಿಯ ಚಾವಣಿಯಂತೆ ಕುಳಿತಿದೆ. ಅದೇ ಪಾಲ್ಕಿಗುಂಡು. ಅಲ್ಲಿಯೂ, ಗವಿಮಠದ ಬೆಟ್ಟದಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಮಳೆ ಬಿಸಿಲುಗಳನ್ನು ಕಂಡ ಈ ಬ್ರಾಹ್ಮೀ ಅಕ್ಷರಗಳನ್ನು 1931ರಲ್ಲಿ ಕೊಪ್ಪಳದ ಎನ್. ಬಿ. ಶಾಸ್ತ್ರಿಗಳು ಬೆಳಕಿಗೆ ತಂದರು, ಮರುವರ್ಷ ಆರ್. ಎಲ್. ಟರ್ನರ್ ಅವರ ಸಂಪಾದನೆಯಲ್ಲಿ ಹೈದರಾಬಾದು ಸಂಸ್ಥಾನ ಅವನ್ನು ಪ್ರಕಟಿಸಿತು. ಇದಕ್ಕೂ ಮೊದಲು, 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಅದಿರು ಅರಸುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರರಿಗೆ ದೊರೆತದ್ದು ಅಶೋಕನ ಹೆಸರುಳ್ಳ ಶಾಸನ. ಅರಸಿದ್ದು ಹೊನ್ನು, ಸಿಕ್ಕಿದ್ದು ಅಕ್ಷರ.

ಈ ಶಾಸನಗಳ ತಾತ್ಪರ್ಯವೂ ನಮ್ಮ ವಿಷಯಕ್ಕೆ ಹತ್ತಿರವಾದುದು. ಮೊದಲು ತಾನು ಸಾಕಷ್ಟು ಶ್ರಮಿಸಲಿಲ್ಲವೆಂದೂ, ಬಳಿಕ ಹುರುಪಿನಿಂದ ತೊಡಗಿದೆನೆಂದೂ ಅರಸನು ತಿಳಿಸುತ್ತಾನೆ. ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಿಸಿದರೆ ಸಾಮಾನ್ಯನಿಗೂ ದೊರೆಯುತ್ತದೆಂಬುದು ಅವನ ಮಾತು. ಅವನು ಹೇಳಿದ್ದು ಧರ್ಮದ ವಿಷಯವಾಗಿ. ದೇಹದ ವಿಷಯದಲ್ಲಿಯೂ ಅದು ಸತ್ಯವೇ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಮಧ್ಯಮ ಶ್ರಮವನ್ನು ಅಳೆಯಲು ಯಂತ್ರ ಬೇಕಿಲ್ಲ. ನಡೆಯುವಾಗ ಮಾತನಾಡಲು ಸಾಧ್ಯವಾಗಿ, ವಚನ ಹಾಡಲು ಉಸಿರು ಸಾಲದಿದ್ದರೆ ಅದೇ ಮಧ್ಯಮ ಶ್ರಮ. ಮಾತೂ ಆಡಲಾಗದಿದ್ದರೆ ನಿಂತು ಸುಧಾರಿಸಿಕೊಳ್ಳಬೇಕು. ಏರುವಾಗ ಹೃದಯ, ಶ್ವಾಸಕೋಶಗಳಿಗೆ ದುಡಿಮೆ ಹೆಚ್ಚು. ಇಳಿಯುವಾಗ ಮೊಣಕಾಲಿಗೆ ಭಾರ ಹೆಚ್ಚು. ಆದ್ದರಿಂದ ಕೈಯಲ್ಲಿ ಕೋಲಿರಲಿ, ಇಳಿಜಾರಿನಲ್ಲಿ ಹೆಜ್ಜೆ ಸಣ್ಣದಿರಲಿ.

ಹೊರಡುವ ಮುನ್ನ ಕೆಲವು ಎಚ್ಚರಗಳು ಅಗತ್ಯ. ನಮ್ಮ ಭಾಗದ ಬಂಡೆಗಳು ಬೇಸಿಗೆಯಲ್ಲಿ ಹಂಚಿನಂತೆ ಕಾಯುತ್ತವೆ. ಚಳಿಗಾಲದ ಬೆಳಗು ಶ್ರೇಷ್ಠ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬಾರದು. ಪೂಜೆ ಮುಗಿಸಿ, ಉಪಾಹಾರ ಸೇವಿಸಿ, ಜೇಬಿನಲ್ಲಿ ಬೆಲ್ಲದ ಹರಳು ಇಟ್ಟುಕೊಳ್ಳಲಿ. ಹೃದ್ರೋಗ, ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳಿ ಹೊರಡಲಿ. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಮುಂದಕ್ಕೆ ಏರದೆ ನೆರವು ಪಡೆಯಬೇಕು. ಪೊದೆ, ಬಂಡೆಬಿರುಕುಗಳಲ್ಲಿ ಹಾವು ಚೇಳುಗಳಿರುತ್ತವೆ. ಹುಡುಕುವ ಉತ್ಸಾಹದಲ್ಲಿ ಮಕ್ಕಳು ಅಲ್ಲಿ ಕೈಹಾಕದಂತೆ ಹಿರಿಯರು ನೋಡಿಕೊಳ್ಳಬೇಕು. ಒಬ್ಬರೇ ಹೋಗುವುದು ಬೇಡ. ಕತ್ತಲಾಗುವ ಮೊದಲೇ ಇಳಿಯಬೇಕು.

ಈ ಆಟವನ್ನು ಮನೆಮಂದಿಯೆಲ್ಲ ಆಡಬಹುದು. ಹಿರಿಯರು ದಾರಿಯ ಸುಳಿವುಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಬಂಡೆಯ ಮೇಲಿನ ಅಕ್ಷರಗಳನ್ನು ಕಂಡುಹಿಡಿಯುವಂತೆ ಮಕ್ಕಳಿಗೆ ಹೇಳಲಿ. ಕಂಡ ಒಂದು ಅಕ್ಷರವನ್ನು ಅವರು ವಹಿಯಲ್ಲಿ ಬಿಡಿಸಿಕೊಂಡು ಬರಲಿ. ಮೊಬೈಲು ಹಿಡಿದು ಮೂಲೆಯಲ್ಲಿ ಕೂಡುವ ಮಗುವೂ ಆಗ ಮುಂದೆ ಓಡುತ್ತದೆ. ಹಿಂದೆ ಬರುವ ಅಜ್ಜನ ಕಾಲಿಗೂ ಚೈತನ್ಯ ಬರುತ್ತದೆ.

ಆದರೆ ಆಟದ ಮೂಲ ನಿಯಮವನ್ನು ಇಲ್ಲಿ ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು. ಪಾಲ್ಕಿಗುಂಡಿನ ಅಕ್ಷರಗಳು ಈಗಾಗಲೇ ಬಹಳ ಸವೆದಿವೆ. ಅವುಗಳ ಮೇಲೆ ಕಾಲಿಡುವುದು, ನೀರು ಅಥವಾ ಸುಣ್ಣ ಹಚ್ಚಿ ಓದಲೆತ್ನಿಸುವುದು, ಪಕ್ಕದಲ್ಲಿ ಹೆಸರು ಕೆತ್ತುವುದು ಸಲ್ಲದು. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾಯಿದೆಯಂತೆ ಅಪರಾಧವೂ ಹೌದು. ಡಬ್ಬಿ ಕಳೆದರೆ ಇನ್ನೊಂದು ಇಡಬಹುದು. ಅಳಿಸಿದ ಈ ಅಕ್ಷರವನ್ನು ಮತ್ತೆ ಬರೆಯುವವರಿಲ್ಲ. ಕಂಡು, ಕೈಮುಗಿದು, ಇದ್ದುದನ್ನು ಇದ್ದಂತೆಯೇ ಬಿಟ್ಟು ಇಳಿಯೋಣ. ತುಂಬಿದ ಉಸಿರು, ಹಗುರಾದ ಮೈ, ರಾತ್ರಿಯ ಗಾಢ ನಿದ್ರೆ ಇವಿಷ್ಟೇ ನಾವು ಅಲ್ಲಿಂದ ಹೊತ್ತು ತರಬಹುದಾದ ನಿಧಿ.