ಬಾಗಿ ದುಡಿಯುವ ಬೆನ್ನಿಗೆ ಯಾವ ಆಸನ?

ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ಕಳೆ ಕೀಳುವವರಿಗೂ, ತರೀಕೆರೆಯಲ್ಲಿ ಅಡಿಕೆ ಸುಲಿಯುವವರಿಗೂ, ಕಡೂರಿನ ತೋಟಗಳಲ್ಲಿ ತೆಂಗಿನಕಾಯಿ ಹೊರುವವರಿಗೂ ಸೊಂಟನೋವು ಹೊಸದಲ್ಲ. ‘ಯೋಗ ಮಾಡಿ’ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಯಾವ ಆಸನ, ಎಷ್ಟು ಎಂದು ಹೇಳುವವರು ಕಡಿಮೆ.

ಇದಕ್ಕೆ ಕನ್ನಡ ನಾಡಿನ ಯೋಗ ಪರಂಪರೆಯಲ್ಲೇ ಉತ್ತರವಿದೆ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ರೋಗಪೀಡಿತರು. ಮೈಸೂರಿನಲ್ಲಿ ಭಾವ ತಿರುಮಲೈ ಕೃಷ್ಣಮಾಚಾರ್ಯರಿಂದ ಯೋಗ ಕಲಿತು, ಮುಂದೆ ಪುಣೆಯಲ್ಲಿ ನೆಲೆಸಿದರು. ಹಗ್ಗ, ಕುರ್ಚಿ, ಮರದ ತುಂಡು, ದಿಂಬುಗಳ ಆಸರೆಯಿಂದ ಆಸನವನ್ನೇ ದೇಹಕ್ಕೆ ಹೊಂದಿಸುವ ಕ್ರಮವನ್ನು ಅವರು ಬೆಳೆಸಿದರು.

ದುಡಿಯುವವರಿಗೆ ಈ ಕ್ರಮವೇ ಹಿತ. ದಿನವಿಡೀ ಮುಂದಕ್ಕೆ ಬಾಗಿದ ಬೆನ್ನನ್ನು ಪಶ್ಚಿಮೋತ್ತಾನಾಸನಕ್ಕೆಂದು ಮತ್ತೆ ಬಗ್ಗಿಸಿದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯ ಮೇಲೆ ಒತ್ತಡ ಹೆಚ್ಚುತ್ತದೆ. ಮೊದಲು ಮಂಡಿ ಮಡಿಸಿ ಅಂಗಾತ ಮಲಗಿ ವಿಶ್ರಾಂತಿ. ಬಳಿಕ, ಬಲ್ಲವರ ಎದುರಿನಲ್ಲಿ, ಸೇತುಬಂಧ ಮತ್ತು ತುಸುವೇ ಎದ್ದ ಭುಜಂಗಾಸನ. ಉಸಿರು ಬಿಗಿಹಿಡಿಯಬಾರದು. ನೋವು ಹೆಚ್ಚಿದೊಡನೆ ನಿಲ್ಲಿಸಬೇಕು.

ಹಳೆಯ ಸೊಂಟನೋವಿಗೆ ಯೋಗವೂ ಒಂದು ಮಾರ್ಗವೆಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಸೂಚಿಸಿತು. ಆದರೆ ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಆಸನಕ್ಕೆ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.