ಪಂಚಗಂಗಾ ಘಟ್ಟದ ಮಸೀದಿ

ಪ್ರಶ್ನೆ: ಕಾಶಿಯ ಹಳೆಯ ಚಿತ್ರಗಳಲ್ಲಿ ಗಂಗಾತೀರದ ಮೇಲೆ ಕಾಣುವ ಎರಡು ಉನ್ನತ ಮಿನಾರುಗಳು ಯಾವುವು? ಯಾತ್ರಿಕರು ಅವನ್ನು ನೋಡಬಹುದೆ?

ಉತ್ತರ: ಮಿನಾರುಗಳು ಈಗಿಲ್ಲ, ಮಸೀದಿಯಿದೆ. ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಕಂಡು ಬಣ್ಣಿಸಿದ್ದ ಬಿಂದುಮಾಧವ ದೇವಾಲಯವು ಔರಂಗಜೇಬನ ಆಳಿಕೆಯಲ್ಲಿ ಭಗ್ನವಾಗಲು, ಆ ನಿವೇಶನದಲ್ಲಿಯೇ ಎದ್ದ ಆಲಂಗೀರ್ ಮಸೀದಿಯ ಈ ಮಿನಾರುಗಳನ್ನು, ಮುಂದೆ ಬ್ರಾಹ್ಮೀ ಲಿಪಿಯನ್ನೋದಿ ವಿಖ್ಯಾತನಾದ ಜೇಮ್ಸ್ ಪ್ರಿನ್ಸೆಪ್ಪನು 1820ರ ದಶಕದಲ್ಲಿ ಜೀರ್ಣೋದ್ಧಾರ ಮಾಡಿಸಿದನಾದರೂ, 1948ರಲ್ಲಿ ಒಂದು ಕುಸಿದುಬಿದ್ದಿತು. ಮತ್ತೊಂದನ್ನು ಅಪಾಯಭಯದಿಂದ ಇಳಿಸಿದರು. ಜನರ ನಾಲಗೆಯಲ್ಲಿ ಮಾತ್ರ ಮಸೀದಿಗೆ ‘ಬೇಣಿಮಾಧವನ ಧರಹರಾ’, ಅಂದರೆ ಮಾಧವನ ಮಿನಾರು, ಎಂದು ಹಳೆಯ ದೇವರ ಹೆಸರೇ ನಿಂತಿರುವುದು, ನನಗೆ ತೋರುವಂತೆ, ಇತಿಹಾಸದ ವಿಚಿತ್ರ ಪರಿಹಾಸ್ಯ. ನಮಾಜಿನ ವೇಳೆಯನ್ನು ತಪ್ಪಿಸಿ, ಪಾದರಕ್ಷೆ ಕಳಚಿ, ಅಲ್ಲಿರುವವರ ಅನುಮತಿ ಪಡೆದು ಹೋಗುವುದು ಉಚಿತ. ಕಟ್ಟಡದ ಗಾತ್ರವನ್ನರಿಯಲು ದೋಣಿಯೇ ಲೇಸು. ಸಮೀಪದ ಇಂದಿನ ಬಿಂದುಮಾಧವ ಗುಡಿಯನ್ನೂ ನೋಡಿರಿ.