ನಿಮಗಿದು ಗೊತ್ತೆ? ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ ಮನಸ್ಸಿನ ಡಾಕ್ಟರು

ಹದಿಹರೆಯದ ಮಗ ಊಟ ಬಿಟ್ಟು, ಮಾತು ಬಿಟ್ಟು ಕೋಣೆ ಸೇರಿದರೆ ದೊಡ್ಡಬಳ್ಳಾಪುರದಿಂದ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೇ ಬಸ್ಸು ಹತ್ತಬೇಕೆಂದಿಲ್ಲ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಗೊತ್ತುಪಡಿಸಿದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. 10ರಿಂದ 19 ವರ್ಷದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ಎದುರು ಕೂತು ಬಾಯಿ ಬಿಡದ ಮಕ್ಕಳಿಗೆ 14416 ಇದೆ: 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ.

‘ಸಾಯಬೇಕು ಅನ್ನಿಸ್ತಿದೆಯೇನಪ್ಪ?’ ಎಂದು ಕೇಳಲು ಹೆತ್ತವರಿಗೆ ಭಯ. ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾದೀತು ಎಂದು. ಹಾಗಾಗುವುದಿಲ್ಲ ಎನ್ನುತ್ತವೆ ಅಧ್ಯಯನಗಳು; ಕೇಳಿದರೆ ಎಷ್ಟೋ ಮಕ್ಕಳಿಗೆ ಎದೆ ಹಗುರವಾಗುತ್ತದೆ. ಆ ಹೊತ್ತಿನಲ್ಲಿ ಪಕ್ಕದ ಮನೆ ಹುಡುಗನ ಎಸ್ಸೆಸ್ಸೆಲ್ಸಿ ಅಂಕದ ಮಾತು ಮಾತ್ರ ತೆಗೆಯಬೇಡಿ.